ಸಭಾಪತಿ ಮೊದಲಿಯಾರ್ ಮತ್ತು 17,800 ಕದಿರು

ಬಳ್ಳಾರಿ ಅಂದ ಕೂಡಲೇ ನಾವು ಅದಿರು, ಜೀನ್ಸ್ ಅಂತೀವಿ. ಅವೆರಡಕ್ಕೂ ಮೊದಲು ಈ ಊರಿಗೆ ದುಡ್ಡು ತಂದದ್ದು ಹತ್ತಿ. ಆ ಕಾಲದ ದೊಡ್ಡ ವ್ಯಾಪಾರಿ ರಾವ್ ಬಹದ್ದೂರ್ ಎ. ಸಭಾಪತಿ ಮೊದಲಿಯಾರ್. ಮುನಿಸಿಪಾಲಿಟಿ ಅಧ್ಯಕ್ಷರೂ ಆಗಿದ್ದರು.

ಸಿರುಗುಪ್ಪದ ಹೊಳೆದಂಡೆಯ ಗದ್ದೆ ಬಿಟ್ಟರೆ ಕುರುಗೋಡು, ಬಳ್ಳಾರಿ ಸುತ್ತ ಇದ್ದದ್ದು ಮಳೆ ನಂಬಿದ ಎರೆಹೊಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಲ್ಯಾಂಕಶೈರ್ ಗಿರಣಿಗಳಿಗೆ ಸಿಗದಾಯಿತು. ನಮ್ಮ ಹತ್ತಿಗೆ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗೀತು, ಬೆಲೆಯೂ ಬಿತ್ತು. ಆಮೇಲೆ ಧಾತು ಸಂವತ್ಸರದ ಬರ (1876–78). ದೂರದ ಊರಿನ ಜಗಳ ನಮ್ಮ ಹೊಲದ ದರ ನಿಶ್ಚಯಿಸುತ್ತಿತ್ತು.

ಹತ್ತಿಯನ್ನು ಕಳಿಸುವ ಬದಲು ಇಲ್ಲೇ ನೂತರೆ? 1894ರಲ್ಲಿ ಬಳ್ಳಾರಿಯಲ್ಲಿ ಮೊದಲಿಯಾರರ ಉಗಿಯಂತ್ರದ ನೂಲಿನ ಗಿರಣಿ ಶುರುವಾಯಿತು. 20ನೇ ಶತಮಾನದ ಆರಂಭದ ಗೆಜೆಟಿಯರ್ ಲೆಕ್ಕದಂತೆ 17,800 ಕದಿರು, 520 ಕೆಲಸಗಾರರು. ಭಾಗಿಸಿ ನೋಡಿ: ಒಬ್ಬರಿಗೆ ಸುಮಾರು 34 ಕದಿರು. ಮನೆಯ ರಾಟೆಗೆ ಇರೋದು ಒಂದೇ!

ಅದೇ 1894ರ ಡಿಸೆಂಬರ್‌ನಲ್ಲಿ ಸರ್ಕಾರ 20 ಕೌಂಟಿಗಿಂತ ಸಣ್ಣ ನೂಲಿಗೆ ಶೇ. 5 ಅಬಕಾರಿ ಸುಂಕ ಹಾಕಿತು. (ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿ ಬರುತ್ತವೋ ಅದೇ ಕೌಂಟು. 20 ಕೌಂಟು ಅಂದರೆ ಪೌಂಡಿಗೆ 16,800 ಗಜ, ಸುಮಾರು 15 ಕಿ.ಮೀ. ಎಳೆ.) ನಮ್ಮ ಗಿಡ್ಡ ಎಳೆಯ ಹತ್ತಿಯಲ್ಲಿ ದಪ್ಪ ನೂಲೇ ಸುಲಭ, ಅದಕ್ಕೆ ಸುಂಕವಿಲ್ಲ. ಆದರೆ ಸಣ್ಣ ನೂಲಿನತ್ತ ಬೆಳೆಯೋಣ ಅಂದರೆ ಬಾಗಿಲಲ್ಲೇ ತೆರಿಗೆ. ಲ್ಯಾಂಕಶೈರ್‌ಗೆ ಪೈಪೋಟಿ ಬರಬಾರದಲ್ಲ! 1896ರಲ್ಲಿ ನೂಲನ್ನು ಬಿಟ್ಟು ಗಿರಣಿ ಬಟ್ಟೆಗೆಲ್ಲ, ದಪ್ಪ ಬಟ್ಟೆಗೂ ಸೇರಿಸಿ, ಶೇ. 3.5 ಹಾಕಿದರು.

ಇದನ್ನು ಕೇಳೋರು ಯಾರು? ಶಾಸನ ಸಭೆಯಲ್ಲಿ ಅಧಿಕಾರಿಗಳದ್ದೇ ಬಹುಮತ. 1885ರ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಮೊದಲ ಕಾಂಗ್ರೆಸ್ಸಿನ 72 ಪ್ರತಿನಿಧಿಗಳು ಕೇಳಿದ್ದರಲ್ಲಿ ಇದೂ ಒಂದು: ಸಭೆಗಳಿಗೆ ಚುನಾಯಿತ ಸದಸ್ಯರು ಬೇಕು. ಬಳ್ಳಾರಿಯಿಂದ ವಕೀಲ ಕೋಲಾಚಲಂ ವೆಂಕಟರಾವ್ ಹೋಗಿದ್ದರು, ಮೊದಲಿಯಾರರೂ ಹೋಗಿದ್ದರು. ಸರ್ಕಾರದ ಬಿರುದು ಹೊತ್ತವರೇ ಸರ್ಕಾರವನ್ನು ಪ್ರಶ್ನಿಸುವವರ ಸಾಲಿನಲ್ಲಿ. ಇದನ್ನು ಇಬ್ಬಂದಿತನ ಅನ್ನೋರಿದ್ದಾರೆ. ನನಗೇನೋ, ಗಿರಣಿ ಕಟ್ಟುವವನಿಗೆ ಆಗ ಇದ್ದ ದಾರಿ ಅದೊಂದೇ ಅನಿಸುತ್ತೆ.

ಬಟ್ಟೆಯ ಮೇಲಿನ ಆ ಸುಂಕ ರದ್ದಾದದ್ದು 1926ರಲ್ಲಿ.