ಓಟಗಾರನ ಉಸಿರಿಗೆ ಅನಿಲದ ನೆರವು

ದೀಪಾವಳಿ ಕಳೆದೊಡನೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬದ ಸಡಗರ. ಹೋರಿಯ ಕೊರಳಿನ ಕೊಬ್ಬರಿ ಮಾಲೆಯನ್ನು ಹರಿಯಲೆಂದು ಬೆನ್ನಟ್ಟಿದ ತರುಣನು ಕಡೆಗೆ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಆ ಗಳಿಗೆಯಲ್ಲಿ ಅವನ ಮೂಗಿಗೆ ಶುದ್ಧ ಆಮ್ಲಜನಕವನ್ನು ಹಿಡಿದರೆ ಮತ್ತೊಂದು ಹೋರಿಯ ಬೆನ್ನು ಹತ್ತಬಲ್ಲನೆ?

ಹೆಚ್ಚಿನ ಪ್ರಯೋಜನವಾಗದು. ನಾವು ಸೇವಿಸುವ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಷ್ಟಿದೆ. ಅಷ್ಟರಿಂದಲೇ ಆರೋಗ್ಯವಂತನ ರಕ್ತದ ಹಿಮೋಗ್ಲೋಬಿನ್ ಶೇಕಡಾ 95ಕ್ಕೂ ಮಿಕ್ಕು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿದರೇನು? ಅಲ್ಲದೆ ಏದುಸಿರಿಗೆ ಮುಖ್ಯ ಪ್ರೇರಣೆ ಆಮ್ಲಜನಕದ ಕೊರತೆಯಲ್ಲ. ದುಡಿದ ಸ್ನಾಯುಗಳಿಂದ ರಕ್ತಕ್ಕೆ ಸೇರಿದ ಇಂಗಾಲದ ಡೈಆಕ್ಸೈಡು ಮತ್ತು ಆಮ್ಲಗಳು.

ಓಡುತ್ತಿರುವಾಗಲೇ ಆಮ್ಲಜನಕ ಬೆರೆಸಿದ ಗಾಳಿಯನ್ನು ಸೇವಿಸುವುದು ಬೇರೆಯ ಮಾತು. ನಾಲ್ಕು ನಿಮಿಷದೊಳಗೆ ಮೈಲಿಯನ್ನು ಓಡಿದ ರೋಜರ್ ಬ್ಯಾನಿಸ್ಟರರು ಅದೇ 1954ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂಥ ಗಾಳಿಯಿಂದ ಓಟಗಾರರು ಹೆಚ್ಚು ಹೊತ್ತು ತಾಳಿಕೊಂಡದ್ದು ಕಂಡುಬಂದಿತು. ಆದರೆ ಸಿಲಿಂಡರನ್ನು ಹೊತ್ತು ಓಡುವವರಾರು? ಅಂಗಡಿಯ ಪುಟ್ಟ ಡಬ್ಬಿಯಲ್ಲಿರುವುದು ಕೆಲವೇ ಲೀಟರು. ಬಿರುಸಾಗಿ ಓಡುವವನು ನಿಮಿಷಕ್ಕೆ ನೂರು ಲೀಟರಿನಷ್ಟು ಗಾಳಿಯನ್ನು ಸೇವಿಸುತ್ತಾನೆ!

ಇಂಗಾಲದ ಮೊನಾಕ್ಸೈಡಿನ ತಂತ್ರವು ಇದಕ್ಕಿಂತ ವಿಚಿತ್ರವಾದುದು. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಿಗಿಯಿಂದ ಅಂಟಿಕೊಳ್ಳುತ್ತದೆ. ಅಳೆದು ಕೊಟ್ಟ ಅಲ್ಪ ಪ್ರಮಾಣದಿಂದ ದೇಹಕ್ಕೆ ಆಮ್ಲಜನಕದ ಬಡತನ ತಟ್ಟಿ, ಎತ್ತರದ ಮಲೆಯಲ್ಲಿ ನೆಲಸಿದವನಲ್ಲಿ ಆಗುವಂತೆ, ಮೂತ್ರಪಿಂಡಗಳು ಎರಿತ್ರೊಪೊಯಟಿನ್ ಎಂಬ ಚೋದಕವನ್ನು ಹೆಚ್ಚಾಗಿ ಸ್ರವಿಸುತ್ತವೆ. ಕೆಲವು ವಾರಗಳಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ. ಕೆಲವು ಪ್ರಯೋಗಗಳಲ್ಲಿ ಹೀಗಾದದ್ದೂ ಉಂಟು. ಆದರೆ ಅಳತೆ ತುಸು ತಪ್ಪಿದರೆ ತಲೆನೋವು, ಮಂಪರು, ಸಾವು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2025ರಲ್ಲಿ ಈ ತಂತ್ರವನ್ನು ನಿಷೇಧಿಸಿತು. 2026ರ ಆರಂಭದಿಂದ ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಷೇಧವೂ ಜಾರಿಗೆ ಬಂದಿತು. ಝೆನಾನ್ ಅನಿಲವು 2014ರಲ್ಲಿಯೇ ಆ ಪಟ್ಟಿಯನ್ನು ಸೇರಿತ್ತು. ಆಮ್ಲಜನಕದ ಸೇವನೆಗೆ ಮಾತ್ರ ಅಡ್ಡಿಯಿಲ್ಲ.

ಮೊನಾಕ್ಸೈಡು ನಮ್ಮ ಮನೆಗಳಿಗೂ ಅಪರಿಚಿತವಲ್ಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವನ್ನಿಟ್ಟು ಮಲಗಿದವರನ್ನು ಕೊಲ್ಲುವುದು ಇದೇ. ಬೆರಳಿಗೆ ತೊಡಿಸುವ ಸಾಮಾನ್ಯ ಆಮ್ಲಜನಕ ಮಾಪಕವು ಇಲ್ಲಿ ಮೋಸಹೋಗುತ್ತದೆ. ರೋಗಿಯು ಕುಸಿಯುತ್ತಿದ್ದರೂ ಅದರ ಅಂಕಿ ಸರಿಯಾಗಿಯೇ ಕಾಣಬಹುದು. ಮೊದಲು ಅವನನ್ನು ಬಯಲಿಗೆ ತಂದು, ಒಡನೆ ಆಸ್ಪತ್ರೆಗೆ ಸಾಗಿಸಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಮೊನಾಕ್ಸೈಡು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕವನ್ನು ಕೊಟ್ಟಾಗ ಒಂದು, ಒಂದೂವರೆ ಗಂಟೆ ಸಾಕು.