‘ಶಾಂಪೂ’ ಎಂಬ ಮಾತಿನ ಹುಟ್ಟು

ಅಂಗಡಿಯಲ್ಲಿ ಶಾಂಪೂ ಎಂದು ಕೇಳಿದರೆ ತಲೆ ತೊಳೆಯುವ ದ್ರವವನ್ನು ಕೊಡುತ್ತಾರೆ. ಇಂಗ್ಲಿಷಿನಲ್ಲಿ ಈ ಶಬ್ದವು ವಸ್ತುವಿನ ಹೆಸರೂ ಹೌದು, ತಲೆ ತೊಳೆ ಎಂಬರ್ಥದ ಕ್ರಿಯಾಪದವೂ ಹೌದು. ಇವೆರಡರಲ್ಲಿ ಹಿರಿಯದು ಕ್ರಿಯಾಪದವೇ. ಆದರೆ ಮೊದಮೊದಲು ಅದಕ್ಕೆ ಕೂದಲಿನೊಡನೆಯಾಗಲಿ ನೊರೆಯೊಡನೆಯಾಗಲಿ ಯಾವ ಸಂಬಂಧವೂ ಇರಲಿಲ್ಲವೆಂದರೆ ಓದುಗರಿಗೆ ಅಚ್ಚರಿಯಾದೀತು.

ಹಿಂದಿಯಲ್ಲಿ ‘ಚಾಂಪ್ನಾ’ ಎಂದರೆ ಒತ್ತುವುದು, ನಾದುವುದು. ಅದರ ವಿಧ್ಯರ್ಥ ರೂಪ ‘ಚಾಂಪೋ’, ಅಂದರೆ ‘ಒತ್ತು’. ಇದೇ ‘ಶಾಂಪೂ’ ಆಗಿ 1762ರಷ್ಟು ಹಿಂದೆಯೇ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಆಗ ಅದರ ಅರ್ಥ ಅಂಗಮರ್ದನ, ಎಂದರೆ ದಣಿದ ಮೈಕೈಗಳನ್ನು ಒತ್ತಿ ತಿಕ್ಕುವುದು. ಸಂಪಿಗೆಯ ಹೂವಿನಿಂದ ಈ ಹೆಸರು ಬಂದಿತೆಂದು ಹೇಳುವವರುಂಟು. ಕೇಳಲು ಇಂಪಾಗಿದ್ದರೂ ಶಬ್ದದ ಮೊದಲ ಅರ್ಥಕ್ಕೆ ಅದು ಹೊಂದುವುದಿಲ್ಲ.

ಒಂದು ಭಾಷೆಯ ಕ್ರಿಯಾಪದವು ಮತ್ತೊಂದಕ್ಕೆ ಆಜ್ಞೆಯ ರೂಪದಲ್ಲೇಕೆ ಹೋಗಬೇಕು? 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು ಇಂಥ ಇನ್ನೂ ಕೆಲವು ಶಬ್ದಗಳನ್ನು ಕೊಡುತ್ತದೆ: ‘ಹಿಡಿ’ ಎಂಬರ್ಥದ ‘ಪಕಡೋ’, ‘ಮಾಡು’ ಎಂಬರ್ಥದ ‘ಬನಾವೋ’. ಭಾರತದಲ್ಲಿದ್ದ ಆಂಗ್ಲರು ಆಳುಕಾಳುಗಳೊಡನೆ ಸಂಭಾಷಣೆ ನಡೆಸಿದ್ದಕ್ಕಿಂತ ಅಪ್ಪಣೆ ಮಾಡಿದ್ದೇ ಹೆಚ್ಚು. ಯಾವ ರೂಪವು ಬಾಯಿಗೆ ರೂಢಿಯಾಗಿತ್ತೋ ಅದೇ ಅವರ ಭಾಷೆಯಲ್ಲಿ ಉಳಿಯಿತೆಂದು ನಮಗೆ ತೋರುತ್ತದೆ.

ಈ ಮಾತಿಗೆ ಇಂಗ್ಲೆಂಡಿನಲ್ಲಿ ಮರ್ಯಾದೆ ತಂದುಕೊಟ್ಟವನು 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್. ಕಂಪನಿಯ ಬಂಗಾಳ ಸೈನ್ಯದೊಡನಿದ್ದು, ಬಳಿಕ ಐರ್ಲೆಂಡಿಗೆ ಹೋಗಿ ನೆಲಸಿ, 1794ರಲ್ಲಿ ತನ್ನ ಪ್ರವಾಸಕಥನವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದನು. 1810ರಲ್ಲಿ ಲಂಡನ್ನಿನಲ್ಲಿ ಆತ ತೆರೆದ ಭಾರತೀಯ ಭೋಜನಶಾಲೆ ನಷ್ಟಕ್ಕೆ ಸಿಕ್ಕಿತು. ಅನಂತರ ಬ್ರೈಟನ್ ಎಂಬ ಕಡಲತಡಿಯ ಊರಿನಲ್ಲಿ ಆವಿಸ್ನಾನದ ಗೃಹವನ್ನು ನಡೆಸಿದನು. ರೋಗಿಯನ್ನು ಮೂಲಿಕೆಗಳ ಆವಿಯಲ್ಲಿ ಕೂರಿಸಿ, ಸುತ್ತಲೂ ಫ್ಲಾನೆಲ್ ಬಟ್ಟೆಯ ಗುಡಾರವನ್ನು ಕಟ್ಟುತ್ತಿದ್ದರು. ಗುಡಾರಕ್ಕೆ ಹೊಲಿದ ತೋಳುಗಳೊಳಗೆ ಕೈ ತೂರಿಸಿ ಹೊರಗಿನಿಂದಲೇ ಮೈಯನ್ನು ಒತ್ತುತ್ತಿದ್ದರು. ಈ ‘ಶಾಂಪೂ’ ಚಿಕಿತ್ಸೆಯನ್ನು ಕುರಿತು ಆತ 1822ರಲ್ಲಿ ಪುಸ್ತಕವನ್ನೇ ಬರೆದನು. ದೊರೆ ನಾಲ್ಕನೆಯ ಜಾರ್ಜನೂ ಅವನ ತರುವಾಯ ನಾಲ್ಕನೆಯ ವಿಲಿಯಮನೂ ಅವನನ್ನು ತಮ್ಮ ಮರ್ದನವೈದ್ಯನನ್ನಾಗಿ ನೇಮಿಸಿಕೊಂಡರು. ಅವನು ತೀರಿಕೊಂಡದ್ದು 1851ರಲ್ಲಿ.

ಮುಂದೆ ಹತ್ತು ವರ್ಷಗಳೊಳಗಾಗಿಯೇ ಶಬ್ದದ ಅರ್ಥ ಜಾರಿತು. 1860ರ ಸುಮಾರಿಗೆ ತಲೆಗೆ ಸಾಬೂನಿನ ನೊರೆ ಹಚ್ಚಿ ಬೆರಳುಗಳಿಂದ ತಿಕ್ಕಿ ತೊಳೆಯುವುದಕ್ಕೂ ಈ ಹೆಸರು ಸಂದಿತು. ತಿಕ್ಕುವ ಕೈ ಹಳೆಯ ಅರ್ಥಕ್ಕೂ ಹೊಸ ಅರ್ಥಕ್ಕೂ ಸೇತುವೆಯಾಯಿತು. ಬರಬರುತ್ತ ಕೈಯೂ ಮರೆಯಾಗಿ, ನೊರೆ ಬರಿಸುವ ವಸ್ತುವಿಗೇ ಹೆಸರು ಅಂಟಿಕೊಂಡಿತು. ಸಾಬೂನು ಗಡಸುನೀರಿನ ಸುಣ್ಣದ ಅಂಶದೊಡನೆ ಕೂಡಿ ಕೂದಲ ಮೇಲೆ ಜಿಗುಟಾದ ಗಷ್ಟನ್ನು ಉಳಿಸುತ್ತದೆ. ಈ ದೋಷವಿಲ್ಲದ ಕೃತಕ ಮಾರ್ಜಕಗಳು 1930ರ ದಶಕದಲ್ಲಿ ಮಾರಾಟಕ್ಕೆ ಬಂದ ಮೇಲೆ ಸಾಬೂನೂ ಹಿಂದೆ ಸರಿಯಿತು.

ಉತ್ತರ ಭಾರತದ ಕ್ಷೌರಿಕರು ಇಂದಿಗೂ ‘ಚಂಪೀ’ ಎಂದು ತಲೆಯನ್ನು ಒತ್ತುತ್ತಾರೆ. ಅವರು ಬಳಸುವುದು ನೊರೆಯನ್ನಲ್ಲ, ಎಣ್ಣೆಯನ್ನು. ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ನೊರೆಯ ದ್ರವ್ಯವನ್ನು ತಲೆತಲಾಂತರದಿಂದ ಬಳಸುತ್ತಿದ್ದ ನಮ್ಮ ಮನೆಗಳಿಗೆ ಈ ಮಾತು ಬಂದದ್ದಾದರೋ ಇಂಗ್ಲಿಷಿನ ಮೂಲಕ, ಬರಿಯ ನಾಮಪದವಾಗಿ. ‘ಒತ್ತು’ ಎಂಬ ಅಪ್ಪಣೆಯಾಗಿ ಹೊರಟ ಶಬ್ದಕ್ಕೆ ನಾವು ಇನ್ನೊಂದು ಕ್ರಿಯಾಪದವನ್ನು ಸೇರಿಸಿ ‘ಶಾಂಪೂ ಹಾಕು’ ಎನ್ನುತ್ತಿದ್ದೇವೆ.