ಕಡಲತಡಿಯ ಒಂದು ಗ್ರಾಮ: ಮರವಂತೆ

ಈ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಕೇಳಿದಾಗ, ಭೂಗೋಳದ ಒಂದು ಪಾಠವನ್ನೇ ನಿಮ್ಮ ಮುಂದಿಡುವುದು ಲೇಸೆಂದು ನಮಗೆ ತೋರಿತು. ಹಳೆಯ ವಿದ್ಯಾರ್ಥಿನಿಯರು ಇದನ್ನು ಓದುತ್ತ ಮರಳಿ ತಮ್ಮ ಬೆಂಚುಗಳ ಮೇಲೆ ಕುಳಿತಂತೆ ಭಾವಿಸಲಿ. ತಾಯಿತಂದೆಗಳು ತಮ್ಮ ಮಕ್ಕಳು ಏನನ್ನು ಕಲಿಯುತ್ತಿರುವರೆಂಬುದನ್ನು ಅರಿಯಲಿ.

ಪಾಠಕ್ಕೆ ಕಾರಣ

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ, ಸಮುದ್ರವನ್ನು ಕಣ್ಣಾರೆ ಕಂಡವರು ಕೈಯೆತ್ತಬೇಕೆಂದು ಹೇಳಿದೆವು. ಎದ್ದ ಕೈಗಳು ಮೂರೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಂಗಾರಪೇಟೆಯಿಂದ ಕಡಲು ದೂರ; ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ನದಿಗೆ ಬೇತಮಂಗಲದಲ್ಲಿ ಕಟ್ಟಿರುವ ಕೆರೆಯೇ ನಮ್ಮ ಮಕ್ಕಳು ಕಂಡ ದೊಡ್ಡ ನೀರು. ಗಣಿಯ ಊರಿಗೆ ಕುಡಿಯುವ ನೀರು ಬಹುಕಾಲ ಬಂದುದೂ ಅಲ್ಲಿಂದಲೇ.

ಆದರೆ ಅದೇ ದಿನ ಕರಿಹಲಗೆಯ ಮೇಲೆ ಒಂದು ಲೆಕ್ಕವನ್ನು ಮಾಡಿಸಿದೆವು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಚಾಂಪಿಯನ್ ರೀಫ್ ಗಣಿಯ ಆಳವು 3 ಕಿಲೋಮೀಟರನ್ನು ಮೀರಿದುದು. ಹಾಗಾದರೆ ಅದರ ತಳವು ಸಮುದ್ರಮಟ್ಟಕ್ಕಿಂತ ಎಷ್ಟು ಕೆಳಗಿರುತ್ತದೆ? ಎರಡು ಕಿಲೋಮೀಟರಿಗೂ ಹೆಚ್ಚೆಂದು ಉತ್ತರ ಬಂದಾಗ ತರಗತಿಯು ನಿಶ್ಶಬ್ದವಾಯಿತು. ಈ ಮಕ್ಕಳ ಅಜ್ಜಂದಿರು ಸಮುದ್ರವನ್ನು ಎಂದೂ ಕಾಣದೆಯೇ, ಸಮುದ್ರಮಟ್ಟಕ್ಕಿಂತ ಅಷ್ಟು ಕೆಳಗೆ ದಿನವೂ ಇಳಿದು ದುಡಿದು ಮೇಲೆ ಬಂದಿದ್ದರು! ಹೀಗಿರಲು ಮೊಮ್ಮಕ್ಕಳಾದರೂ ಕಡಲನ್ನು ನೋಡಲೇಬೇಕೆಂದು ನಿಶ್ಚಯಿಸಿ, ಜನವರಿ ತಿಂಗಳಲ್ಲಿ ಅವರನ್ನು ಕರೆದುಕೊಂಡು ಪಡುವಣ ಕರಾವಳಿಗೆ ಹೊರಟೆವು.

ಗ್ರಾಮದ ಸ್ಥಾನ

ಮರವಂತೆಯು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ, ಕುಂದಾಪುರಕ್ಕೆ ಉತ್ತರದಲ್ಲಿ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಚಿಕ್ಕ ಗ್ರಾಮ. ಪಡುವಣ ದಿಕ್ಕಿಗೆ ಅರಬ್ಬೀ ಸಮುದ್ರ; ಮೂಡಣ ದಿಕ್ಕಿಗೆ ಸೌಪರ್ಣಿಕಾ ನದಿ; ಇವೆರಡರ ನಡುವೆ ಕಿರಿದಾದ ನೆಲದ ಪಟ್ಟಿ. ಆ ಪಟ್ಟಿಯ ಮೇಲೆ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ 66ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯು ಸಾಗಿದೆ. ದಾರಿಯ ನಡುವೆ ನಿಂತವನು ಒಂದು ಕಿವಿಯಿಂದ ತೆರೆಗಳ ಮೊರೆತವನ್ನು ಕೇಳಿ, ಮತ್ತೊಂದು ಕಡೆಗೆ ತಿರುಗಿದರೆ ಅಲುಗದೆ ನಿಂತ ನದಿಯ ನೀರನ್ನೂ, ಅದರಾಚೆ ತೆಂಗಿನ ತೋಟಗಳನ್ನೂ, ದೂರದಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನೂ ಕಾಣಬಹುದು.

ಈ ನದಿಯು ಕೊಡಚಾದ್ರಿಯ ಸೀಮೆಯಲ್ಲಿ ಹುಟ್ಟಿ, ಕೊಲ್ಲೂರನ್ನು ದಾಟಿ, ಇಲ್ಲಿ ಕಡಲನ್ನು ಇನ್ನೇನು ಮುಟ್ಟಿತು ಎನ್ನುವಷ್ಟು ಸಮೀಪಕ್ಕೆ ಬರುತ್ತದೆ. ಆದರೆ ಮುಟ್ಟದೆ ತಿರುಗಿಕೊಂಡು, ಮತ್ತೆ ಸುಮಾರು 10 ಕಿಲೋಮೀಟರ್ ಹರಿದು, ಗಂಗೊಳ್ಳಿಯ ಬಳಿ ಬೇರೆ ನದಿಗಳೊಡನೆ ಕೂಡಿ ಸಮುದ್ರವನ್ನು ಸೇರುತ್ತದೆ. ಐದು ನದಿಗಳು ಕೂಡುವ ಆ ಅಳಿವೆಗೆ ಪಂಚಗಂಗಾವಳಿ ಎಂಬ ಹೆಸರಿದೆ. ನದಿಯು ಏಕೆ ನೇರವಾಗಿ ಹೋಗಲಿಲ್ಲವೆಂದು ಮಕ್ಕಳು ಕೇಳಿದರು. ತೆರೆಗಳೂ ಗಾಳಿಯೂ ಮರಳನ್ನು ದಡಕ್ಕೆ ತಂದು ಒಡ್ಡಿನಂತೆ ಕೂಡಿಸುವುವು. ಮಂದವಾಗಿ ಹರಿಯುವ ನದಿಯು ಆ ಮರಳ ದಿಣ್ಣೆಯನ್ನು ಭೇದಿಸಲಾರದೆ ಅದರ ಪಕ್ಕದಲ್ಲಿಯೇ ದಾರಿ ಹುಡುಕಿಕೊಂಡು ಹೋಗುವುದು. ನಮ್ಮ ಕರಾವಳಿಯ ಅನೇಕ ನದಿಗಳ ಮುಖದಲ್ಲಿ ಇಂತಹ ಮರಳ ದಿಣ್ಣೆಗಳನ್ನು ನೋಡಬಹುದು.

ಮಳೆ ಮತ್ತು ಹವೆ

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 700 ಮಿಲಿಮೀಟರ್. ಕುಂದಾಪುರದ ಸೀಮೆಯಲ್ಲಿ ಸುಮಾರು 4,000. ನೈಋತ್ಯ ದಿಕ್ಕಿನಿಂದ ಬರುವ ಮಳೆಗಾಳಿಯು ಪಶ್ಚಿಮ ಘಟ್ಟಗಳನ್ನು ತಾಕಿ ಮೇಲೇರಿ, ತಣ್ಣಗಾಗಿ, ತನ್ನ ನೀರಿನ ಹೆಚ್ಚು ಭಾಗವನ್ನು ಕರಾವಳಿಯಲ್ಲಿಯೂ ಘಟ್ಟದಲ್ಲಿಯೂ ಸುರಿಸಿಬಿಡುವುದು. ನಮ್ಮ ಬಳಿಗೆ ಬರುವಷ್ಟರಲ್ಲಿ ಅದರ ಮಡಿಲು ಬರಿದಾಗಿರುತ್ತದೆ. ಒಂದೇ ರಾಜ್ಯದ ಮಕ್ಕಳಲ್ಲಿ ಒಬ್ಬಳಿಗೆ ನೀರು ಬೆಳ್ಳಿಯಂತೆ ದುರ್ಲಭವಾಗಿಯೂ, ಮತ್ತೊಬ್ಬಳಿಗೆ ಅದೇ ನೀರು ಅಂಗಳಕ್ಕೆ ನುಗ್ಗುವ ಭಯವಾಗಿಯೂ ಇರುವುದರ ಕಾರಣವಿದು.

ಜನರು, ಭಾಷೆ, ಆಚಾರ

ಊರಿನ ಮುಖ್ಯ ಕಸುಬು ಮೀನುಗಾರಿಕೆ. ನದಿಯಾಚೆ ತೆಂಗು, ಭತ್ತ ಮೊದಲಾದ ಬೇಸಾಯವೂ ಇದೆ. ಈ ಕರಾವಳಿಯ ಮೀನುಗಾರರಲ್ಲಿ ಮೊಗವೀರರೂ ಖಾರ್ವಿಗಳೂ ಮುಖ್ಯರು. ಮೊಗವೀರರಲ್ಲಿ ಬಳಿಯು ತಾಯಿಯ ಕಡೆಯಿಂದ ಬರುವುದು. ಇದಕ್ಕೆ ಅಳಿಯಕಟ್ಟು ಎನ್ನುವರು. ಮಗುವಿನ ಕುಲವನ್ನು ತಾಯಿಯಿಂದ ಎಣಿಸುವರೆಂದು ಕೇಳಿ ನಮ್ಮ ಬಾಲಿಕೆಯರು ಬಹಳ ಸಂತೋಷಪಟ್ಟರೆಂಬುದನ್ನು ಇಲ್ಲಿ ಹೇಳದಿರಲಾರೆವು.

ಇಲ್ಲಿಯವರ ಮಾತು ಕುಂದಾಪುರದ ಕನ್ನಡ. 'ಹೋಗುವುದು', 'ಬರುವುದು' ಎಂದು ನಾವು ಅನ್ನುವೆಡೆ ಅವರು 'ಹೋಪುದು', 'ಬಪ್ಪುದು' ಎನ್ನುವರು. ಮೊದಲು ನಕ್ಕ ಮಕ್ಕಳಿಗೆ, ಹಳಗನ್ನಡದ 'ಪೋಪ', 'ಬರ್ಪ' ಎಂಬ ರೂಪಗಳನ್ನು ನೆನಪಿಸಿ, ಪರೀಕ್ಷೆಗಾಗಿ ಕಂಠಪಾಠ ಮಾಡುವ ಶಬ್ದಗಳ ಬಂಧುಗಳು ಇಲ್ಲಿ ಮೀನಿನ ಬುಟ್ಟಿಯೊಡನೆ ಬೀದಿಯಲ್ಲಿ ಓಡಾಡುತ್ತಿರುವುವೆಂದು ತೋರಿಸಿದೆವು. ತಮಿಳು, ತೆಲುಗು, ಕನ್ನಡಗಳು ಒಂದೇ ಓಣಿಯಲ್ಲಿ ಕೇಳಿಬರುವ ನಮ್ಮ ಊರಿನ ಮಕ್ಕಳು ಬೇರೊಬ್ಬರ ಮಾತನ್ನು ಕೇಳಿ ನಗತಕ್ಕವರಲ್ಲ.

ನದಿಯ ದಂಡೆಯಲ್ಲಿ ಮಹಾರಾಜಸ್ವಾಮಿ ಎಂದು ಕರೆಯುವ ವರಾಹದೇವರ ಗುಡಿಯಿದೆ. ಕರ್ಕಾಟಕ ಅಮಾವಾಸ್ಯೆಯಂದು ಇಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದ ದಂಪತಿಗಳೂ ಮೀನುಗಾರರೂ ಬಂದು ನದಿಯಲ್ಲಿಯೂ ಕಡಲಿನಲ್ಲಿಯೂ ಮೀಯುವರು. ಆ ಅಮಾವಾಸ್ಯೆಯು ಮಳೆಗಾಲದ ನಡುವೆ, ಕಡಲು ಮುನಿದಿರುವ ಕಾಲದಲ್ಲಿ ಬರುವುದೆಂಬುದನ್ನು ಗಮನಿಸತಕ್ಕದ್ದು.

ಕಸುಬಿನ ಕ್ರಮ

ಹಿಂದಿನ ಕಾಲದಲ್ಲಿ ಈ ಕರಾವಳಿಯ ದೊಡ್ಡ ಬಲೆ ರಂಪಣಿ. ದೋಣಿಯಲ್ಲಿ ಬಲೆಯನ್ನು ಒಯ್ದು, ಬಂಗುಡೆಯ ಇಲ್ಲವೆ ಬೂತಾಯಿಯ ಹಿಂಡನ್ನು ಅರ್ಧವೃತ್ತಾಕಾರವಾಗಿ ಸುತ್ತುವರಿದು, ಎರಡು ತುದಿಗಳನ್ನೂ ದಡದಿಂದ ಜನರು ಸಾಲಾಗಿ ನಿಂತು ಎಳೆಯುವರು. ಒಬ್ಬನಿಂದಾಗಲಿ ಒಂದು ಮನೆಯಿಂದಾಗಲಿ ಆಗುವ ಕೆಲಸವಲ್ಲ, ಕೇರಿಯೆಲ್ಲ ಕೂಡಬೇಕು. ಆದುದರಿಂದ ಸಿಕ್ಕ ಮೀನೂ ಕೇರಿಯಲ್ಲಿ ಪಾಲಾಗುತ್ತಿತ್ತು. 1970ರ ದಶಕದ ಕೊನೆಯ ವರ್ಷಗಳಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹೆಚ್ಚಿದುವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದ ನೀರಿನಲ್ಲಿ ಅದನ್ನು ಬಳಸಿ ಹಿಡಿಯುವುದು ಸಾಧ್ಯವಾಯಿತು. ದಡದಲ್ಲಿ ಕಾದವರ ಬಲೆ ಬರಿದಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದುವು. ಕೈರಂಪಣಿ ಎಂಬ ಚಿಕ್ಕ ಬಲೆಯನ್ನು ಈಗಲೂ ಅಲ್ಲಲ್ಲಿ ಎಳೆಯುವುದುಂಟು.

ಮೀನು ದಡಕ್ಕೆ ಬಂದ ಮೇಲಿನ ಕೆಲಸದಲ್ಲಿ ಸ್ತ್ರೀಯರದೇ ಮೇಲುಗೈ. ಮೀನನ್ನು ಆರಿಸುವುದು, ಉಪ್ಪು ಹಾಕಿ ಒಣಗಿಸುವುದು, ಬುಟ್ಟಿಯಲ್ಲಿ ಹೊತ್ತು ಮಾರುವುದು, ಹಣವನ್ನು ಎಣಿಸಿ ಮನೆಯನ್ನು ತೂಗಿಸುವುದು ಅವರ ಪಾಲಿನದು. ಗಂಡನು ಕಡಲಿಗೆ ಹೋದಾಗ ಹೊತ್ತಿಗೆ ಸರಿಯಾಗಿ ದೋಣಿ ಕಾಣದಿದ್ದರೆ ಹೆಂಗಸರು ಮರಳಿನ ಮೇಲೆ ನಿಂತು ಪಡುವಣವನ್ನು ನೋಡುವರು. ಈ ಮಾತನ್ನು ನಮ್ಮ ಊರಿನ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಭೂಮಿಯೊಳಗೆ ಬಂಡೆ ಸಿಡಿದು ಮನೆಗಳು ನಡುಗಿದ ದಿನಗಳಲ್ಲಿ ಗಣಿಯ ಬಾಯಿಯ ಬಳಿ ಕಾದು ನಿಂತ ಹೆಂಗಸರ ಮಕ್ಕಳು, ಮೊಮ್ಮಕ್ಕಳು ನೀವು.

ಕಡಲಿನ ರಜೆ

ಪ್ರತಿವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಈ ಕರಾವಳಿಯಲ್ಲಿ ಮೀನು ಹಿಡಿಯಬಾರದೆಂದು ನಿಯಮವಿದೆ. ಚಿಕ್ಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಕಡಲು ಪ್ರಕ್ಷುಬ್ಧವಾಗಿರುವುದು ಒಂದು ಕಾರಣ. ಅನೇಕ ಜಾತಿಯ ಮೀನುಗಳು ಆ ಕಾಲದಲ್ಲಿ ಮೊಟ್ಟೆಯಿಡುವುವೆಂಬುದು ಇನ್ನೊಂದು. ಆ ದಿನಗಳಿಗಾಗಿ ಮೀನುಗಾರರು ಮೊದಲೇ ಸ್ವಲ್ಪ ಸ್ವಲ್ಪ ಹಣವನ್ನು ಕೂಡಿಡುವ, ಅದಕ್ಕೆ ಸರಕಾರವೂ ತನ್ನ ಪಾಲನ್ನು ಸೇರಿಸಿ ಕೊಡುವ ಉಳಿತಾಯ ಪರಿಹಾರ ಯೋಜನೆಯೊಂದಿದೆ.

ಈ ವಿಷಯವನ್ನು ತಿಳಿಸುತ್ತಿರುವಾಗ, ಮೀನು ಒಣಗಿಸುತ್ತಿದ್ದ ವೃದ್ಧೆಯೊಬ್ಬರು ನಮ್ಮ ಮಕ್ಕಳನ್ನು ಯಾವ ಊರಿನವರೆಂದು ವಿಚಾರಿಸಿದರು.

"ಚಿನ್ನದ ಗಣಿಯ ಊರು, ಅಜ್ಜೀ," ಎಂದಳು ಒಬ್ಬ ಬಾಲಿಕೆ. ಅವಳ ಅಜ್ಜನು ಗಣಿಯಲ್ಲಿದ್ದವನು.

"ಈಗಲೂ ಚಿನ್ನ ತೆಗೆಯುತ್ತಾರೋ ಮಗಾ?"

"ಇಲ್ಲ ಅಜ್ಜೀ, ಗಣಿ ಮುಚ್ಚಿತು."

"ಮತ್ತೆ ಊರಿನವರು ಏನು ಮಾಡುತ್ತಾರೆ?"

"ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಬರುತ್ತಾರೆ."

ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ತಮ್ಮ ಮೀನನ್ನು ಮಗುಚತೊಡಗಿದರು. ತಮ್ಮ ಮೊಮ್ಮಗನೂ ದೋಣಿಯನ್ನು ಬಿಟ್ಟು ಬೆಂಗಳೂರಿನ ಹೋಟೆಲಿನಲ್ಲಿರುವನೆಂದು ತರುವಾಯ ಹೇಳಿದರು.

ಕಡಲ ಕೊರೆತ

ಮರವಂತೆಯ ಕಷ್ಟವು ಮೀನಿನದೊಂದೇ ಅಲ್ಲ. ಮಳೆಗಾಲದ ತೆರೆಗಳು ದಡವನ್ನು ಕೊರೆದು ತೆಂಗಿನ ಮರಗಳನ್ನೂ ದಾರಿಯನ್ನೂ ನುಂಗುತ್ತಿರುವುವು. 2021ನೆಯ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ಬಂದಾಗ ಉಡುಪಿ ಜಿಲ್ಲೆಯ ಕಡಲತಡಿಗೆ ಬಹಳ ಹಾನಿಯಾಯಿತು. ದಡವನ್ನು ಕಾಯಲು ದೊಡ್ಡ ಬಂಡೆಗಳನ್ನು ಒಡ್ಡಿದ್ದಾರೆ. ಕಡಲಿನೊಳಕ್ಕೆ ಚಾಚಿದ ಕಲ್ಲಿನ ಕಟ್ಟೆಗಳನ್ನೂ ಕಟ್ಟಿದ್ದಾರೆ. ಆದರೆ ಮರಳು ದಡದುದ್ದಕ್ಕೂ ನಡೆಯುವ ವಸ್ತು. ಒಂದೆಡೆ ಅದನ್ನು ತಡೆದರೆ ಇನ್ನೊಂದೆಡೆ ಕೊರತೆ ಬೀಳುವುದು. ಆದುದರಿಂದ ಒಂದು ಗ್ರಾಮವನ್ನು ಕಾಯುವವರು ನೆರೆಯ ಗ್ರಾಮವನ್ನೂ ಎಣಿಕೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಇದು ನಮ್ಮ ದೇಶದ ಕಷ್ಟ ಮಾತ್ರವಲ್ಲ. ಇಂಡೊನೇಷಿಯಾದ ಜಾವಾ ದ್ವೀಪದ ಉತ್ತರ ತೀರದಲ್ಲಿ, ದೆಮಾಕ್ ಜಿಲ್ಲೆಯಲ್ಲಿ, ಬೆದೊನೊ ಎಂಬ ಗ್ರಾಮವಿದೆ. ಅಲ್ಲಿಯೂ ಮೀನುಗಾರರು, ಬತ್ತ ಬೆಳೆಯುವವರು. ಆ ತೀರದಲ್ಲಿ ಸಿಗಡಿಯನ್ನೂ ಮೀನನ್ನೂ ಸಾಕುವ ಕೊಳಗಳಿಗಾಗಿ ಕಾಂಡ್ಲಾ ಗಿಡಗಳ ಕಾಡನ್ನು ಕಡಿದರು. ಸುತ್ತಿನ ಪ್ರದೇಶದಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದ ನೆಲವೇ ಕುಸಿಯತೊಡಗಿತು. ಕಡಲು ಒಳಗೆ ಬಂದು ಗದ್ದೆಗಳು ನೀರಾದುವು. ಕೆಲವು ಕೇರಿಗಳ ಜನರು ಒಕ್ಕಲೆದ್ದು ಹೋಗಬೇಕಾಯಿತು. ಆಮೇಲೆ ಆ ತೀರದ ಜನರು ಕಡ್ಡಿಕೊಂಬೆಗಳ ಬೇಲಿಗಳನ್ನು ನೀರಿನಲ್ಲಿ ನೆಟ್ಟು, ಕೆಸರು ಅದರ ಹಿಂದೆ ನಿಂತು ಕಾಂಡ್ಲಾ ಗಿಡಗಳು ಮರಳಿ ಬೇರೂರುವಂತೆ ಪ್ರಯತ್ನಿಸಿದರು. ಕೆಲವೆಡೆ ಕೆಸರು ನಿಂತಿತು. ಆದರೆ ಕುಸಿಯುವ ನೆಲವನ್ನು ಬೇಲಿಯು ಎತ್ತಲಾರದು. ನಮ್ಮ ಪಂಚಗಂಗಾವಳಿಯ ಅಳಿವೆಯಲ್ಲಿ ಕಾಂಡ್ಲಾ ಕಾಡು ಇನ್ನೂ ಇದೆ. ಇರುವಾಗಲೇ ಅದನ್ನು ಉಳಿಸಿಕೊಳ್ಳುವುದು ಸುಲಭ.

ನಾವು ಕಲಿಯತಕ್ಕದ್ದು

ನಮ್ಮ ಗಣಿಯು 2001ನೆಯ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ತೆಗೆದ ಚಿನ್ನವು ಸುಮಾರು 800 ಟನ್. ಉಳಿದುದು ಸಯನೈಡ್ ಗುಡ್ಡಗಳೂ, ತುಕ್ಕು ಹಿಡಿದ ಗಣಿಗೋಪುರಗಳೂ, ಮತ್ತು ನಾವೂ. ರೈಲಿನಲ್ಲಿ ಹಿಂದಿರುಗುವಾಗ ಒಬ್ಬ ಬಾಲಿಕೆಯು, "ಗಣಿಗೂ ಎರಡು ತಿಂಗಳು ರಜೆ ಕೊಟ್ಟಿದ್ದರೆ ಚಿನ್ನ ಉಳಿಯುತ್ತಿತ್ತೇ, ಮೇಡಂ?" ಎಂದು ಕೇಳಿದಳು. ಉಳಿಯುತ್ತಿರಲಿಲ್ಲ. ಚಿನ್ನವು ಮರಿ ಹಾಕುವುದಿಲ್ಲ, ತೆಗೆದಷ್ಟು ಕಡಿಮೆಯಾಗುವುದು. ಮೀನಾದರೋ ಬಿಟ್ಟಷ್ಟು ಬೆಳೆಯುವುದು. ಆದರೆ ಕಡಲನ್ನೂ ಗಣಿಯಂತೆ ಬಗೆದು ತೆಗೆದರೆ ಅದೂ ಗಣಿಯಂತೆಯೇ ಮುಗಿಯುವುದು. ಈ ಭೇದವನ್ನು ನಮ್ಮ ಊರಿನವರಷ್ಟು ಚೆನ್ನಾಗಿ ಬಲ್ಲವರು ಯಾರು? ನಮ್ಮಲ್ಲಿಯೂ ಬಿಟ್ಟರೆ ಬೆಳೆಯುವ, ಬಗೆದರೆ ಮುಗಿಯುವ ವಸ್ತುವೊಂದಿದೆ. ಅದು ನೆಲದೊಳಗಿನ ನೀರು. ಕೊಳವೆಬಾವಿಗಳನ್ನು ವರ್ಷವರ್ಷವೂ ಇನ್ನಷ್ಟು ಆಳಕ್ಕೆ ಕೊರೆಯುವ ನಮ್ಮ ಜಿಲ್ಲೆಯು ಇದನ್ನು ಯೋಚಿಸಬೇಕು.

ಮನೆಯಲ್ಲಿ ತಾಯಿತಂದೆಗಳು ಮಕ್ಕಳೊಡನೆ ಕೂತು ವಿಚಾರಿಸತಕ್ಕ ಪ್ರಶ್ನೆಗಳು:

1. ಸೌಪರ್ಣಿಕಾ ನದಿಯು ಮರವಂತೆಯಲ್ಲಿಯೇ ಕಡಲನ್ನು ಏಕೆ ಸೇರುವುದಿಲ್ಲ? ಚಿತ್ರ ಬರೆದು ತೋರಿಸಿ.

2. ರಂಪಣಿ ಬಲೆಯು ಹೋದಾಗ ಬಲೆಯೊಡನೆ ಇನ್ನೇನು ಹೋಯಿತು? ಗಣಿ ಮುಚ್ಚಿದಾಗ ನಮ್ಮ ಓಣಿಯಲ್ಲಿ ಏನೇನು ಹೋಯಿತು? ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.

3. ನಿಮ್ಮ ಮನೆಗೆ ಬರುವ ನೀರು ಎಲ್ಲಿಂದ, ಎಷ್ಟು ಆಳದಿಂದ ಬರುತ್ತದೆ?

4. ನಿಮ್ಮ ಮನೆಯಲ್ಲಿ ಸಮುದ್ರವನ್ನು ಕಾಣದವರು ಯಾರು? ಅವರನ್ನು ಒಮ್ಮೆ ಕರೆದುಕೊಂಡು ಹೋಗಲು ಎಷ್ಟು ಹಣ ಬೇಕಾಗುವುದು? ಲೆಕ್ಕ ಮಾಡಿ, ಇಂದಿನಿಂದಲೇ ಕೂಡಿಡಲು ಆರಂಭಿಸಿ.